ನನ್ನ ಗಿಟಾರಿಸ್ಟು, ಪ್ರಸನ್ನನ ಗಿಟಾರಿಸ್ಟು

ನನಗೆ ಗಿಟಾರ್ ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಕೊಂಡದ್ದೊಂದು ಬೀರುವಿನ ಮೇಲೆ ಮಲಗಿದೆ, ಆರು ತಂತಿಗಳಲ್ಲಿ ನಾಲ್ಕು ಉಳಿದಿವೆ. ಆದರೂ ಜಗತ್ತಿನ ಅತಿ ದೊಡ್ಡ ರಾಕ್ ಗಿಟಾರಿಸ್ಟ್ ಯಾರೆಂಬುದು ನನಗೆ ಖಂಡಿತ ಗೊತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಜಗಳಕ್ಕೆ ನಿಲ್ಲುತ್ತೀರಿ. ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯ ಪ್ರಸನ್ನನಿಗೂ ಖಂಡಿತ ಗೊತ್ತು. ತೊಂದರೆಯೆಂದರೆ ಅವನಿಗೆ ಗೊತ್ತಿರುವವನು ಬೇರೆ. ನನ್ನವನದು ವೇಗ, ಅವನವನದು ಭಾವ. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಜಯನಗರದ ದರ್ಶಿನಿಯೊಂದರಲ್ಲಿ ನಿಂತು, ಒಂದು ಬೈಟು ಕಾಫಿಗೆ ಒಂದೂವರೆ ಗಂಟೆ ಇದೇ ವಾದ. ಟೇಬಲ್ ಒರೆಸುವಾಕೆ ನಮ್ಮ ಲೋಟಗಳ ಸುತ್ತ ನಾಲ್ಕು ಸಲ ಒರೆಸಿದರೂ ನಾವು ಜಗ್ಗುವವರಲ್ಲ.

ಕಳೆದ ತಿಂಗಳು ಮಾತಿನ ಭರದಲ್ಲಿ, "ನಿನ್ನವನು ಒಂದೇ ಸ್ವರ ಎಳ್ಕೊಂಡು ನಿಂತ್ಕೊಳ್ಳೋದು ಭಾವ ಅಲ್ಲ ಮಗಾ, ಮುಂದಿನ ಸ್ವರ ಮರ್ತೋಗಿರುತ್ತೆ" ಅಂದುಬಿಟ್ಟೆ. ಪ್ರಸನ್ನ ಲೋಟ ಇಟ್ಟು ಹೊರಟೇಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಒಬ್ಬನೇ ನಿಂತು ಬೈಟು ಕೇಳುವುದು ಹೇಗೆ? ಫುಲ್ ಕಾಫಿ ಕುಡಿದೆ, ರುಚಿಸಲಿಲ್ಲ. ನಿಜ ಹೇಳುತ್ತೇನೆ, ತುಂಬಾ ಬೇಜಾರಾಯಿತು. ಮೂರನೆಯ ವಾರ ಹೆಂಡತಿ, "ಆ ಇಬ್ಬರು ಗಿಟಾರಿನವ್ರಿಗೆ ನೀವಿರೋದೇ ಗೊತ್ತಿಲ್ಲ. ಗೊತ್ತಿರೋವ್ರ ಹತ್ರ ಹೋಗಿ ಸಾರಿ ಕೇಳ್ರೀ" ಎಂದು ಅಟ್ಟಿದಳು.

ಗಿರಿನಗರದ ಅವನ ಮನೆಗೆ ಹೋಗಿ ಬಾಗಿಲಲ್ಲೇ, "ಆಯ್ತು ಗುರು, ಸೋತೆ. ನಿನ್ನವನೇ ದೊಡ್ಡವನು" ಎಂದೆ. ಅವನ ಕಣ್ಣು ತುಂಬಿತು. ಅಷ್ಟಕ್ಕೇ ಸುಮ್ಮನಿರಬಾರದೇ? "ಇಲ್ಲ ಕಣೋ, ನಾನೇ ಬರೋಣ ಅಂತಿದ್ದೆ. ಮೂರು ವಾರ ನಿನ್ನವನ್ದೇ ಕೇಳ್ದೆ. ಅವನೇ ದೊಡ್ಡವನು" ಎಂದ. ನಾನು ಉಪಚಾರಕ್ಕೆ, "ಛೆ ಛೆ, ನಿನ್ನವನೇ" ಎಂದೆ. "ಇಲ್ಲಪ್ಪ, ನಿನ್ನವನೇ" ಎಂದ. ಊಟದೆಲೆಯ ಮುಂದೆ ಸಾಕು ಸಾಕು ಎನ್ನುವವರಿಗೆ ಇನ್ನಷ್ಟು ಬಡಿಸುವ ಜನ ನಾವು, ಬಿಡುತ್ತೇವೆಯೇ? ಐದು ನಿಮಿಷದಲ್ಲಿ ಇಬ್ಬರ ದನಿಯೂ ಏರಿತು. ತಪ್ಪು ಹುಡುಕಲೆಂದೇ ಅವನವನನ್ನು ಮೂವತ್ತು ವರ್ಷ ಕೇಳಿದ್ದೆನಲ್ಲ, ಒಂದೊಂದು ಸ್ವರವೂ ಬಾಯಿಗೆ ಬಂತು. ಸೋಫಾದ ಮುಂದೆ ನಿಂತು, ಇಲ್ಲದ ಗಿಟಾರ್ ಹಿಡಿದು, ಕಣ್ಣು ಮುಚ್ಚಿ ಹಾಡಿ ತೋರಿಸಿದೆ. ಪ್ರಸನ್ನ ತಣ್ಣಗಾದ. "ಸರಿ ಬಿಡಪ್ಪ, ಒಪ್ಕೊಂಡೆ. ಭಾನುವಾರ ಬರ್ತೀಯಲ್ಲ?" ಎಂದ.

ಹಿಗ್ಗಿನಿಂದ ಸ್ಕೂಟರ್ ಹತ್ತಿದೆ. ಮೂವತ್ತು ವರ್ಷದಲ್ಲಿ ಇದೇ ಮೊದಲ ಸಲ ಅವನನ್ನು ವಾದದಲ್ಲಿ ಸೋಲಿಸಿದ್ದೆ. ಗೆಲ್ಲಿಸಿ ಬಂದದ್ದು ಯಾರನ್ನು ಎಂಬುದು ಮಾತ್ರ ಸಿಗ್ನಲ್ಲಿನಲ್ಲಿ ನಿಂತಾಗ ಹೊಳೆಯಿತು.