ಸೋಮವಾರ ಇಜೇರಿಯ ಎತ್ತುಗಳಿಗೆಲ್ಲ ಕಾಯಿಲೆಯೆಂದ ಯಂತ್ರಕ್ಕೆ

ಮಾನ್ಯ ಎತ್ತು-ಆರೋಗ್ಯ ಯಂತ್ರ ಮಹಾಶಯರೇ,

ಜೇವರ್ಗಿಯಲ್ಲಿ ತೊಗರಿಬೇಳೆ ಮಿಲ್ಲಿನ ಮಾಳಿಗೆಯ ಮೇಲೆ ಕೂತು ತಮ್ಮ ಸೇವೆಯಲ್ಲಿ ಕೂದಲು ಹಣ್ಣು ಮಾಡಿಕೊಳ್ಳುತ್ತಿರುವ ಡೇಟಾ ತಂಡದ ಮುಖ್ಯಸ್ಥೆ ಸುವರ್ಣಾ ಮಾಡುವ ಅನಂತ ನಮಸ್ಕಾರಗಳು. ಕರೆಂಟು ಹೋದಾಗ ಇನ್ವರ್ಟರು ಮೊದಲು ತಮಗೆ, ಮಿಕ್ಕರೆ ನಮ್ಮ ಫ್ಯಾನಿಗೆ ಎಂಬ ಏರ್ಪಾಡು ಇರುವುದರಿಂದ ತಾವು ತಂಪಾಗಿ, ಕ್ಷೇಮವಾಗಿ ಇದ್ದೀರೆಂದೇ ನಂಬಿದ್ದೇನೆ.

ಎತ್ತಿನ ಕೊರಳಿಗೆ ಪಟ್ಟಿ ಕಟ್ಟಿಸಿ, ಅದರ ಓಡಾಟ ಅಳೆದು, ಕಾಯಿಲೆಯ ಸುಳಿವನ್ನು ಊರಿನ ವಾಟ್ಸಾಪ್ ಗುಂಪಿಗೆ ಕಳಿಸುವ ತಮ್ಮ ವಿದ್ಯೆಯಿಂದಲೇ ನಮ್ಮ ಕಂಪನಿ ಆಳಂದದಲ್ಲಿ ಹುಟ್ಟಿ, ಅಫಜಲಪುರದಲ್ಲಿ ಅಂಬೆಗಾಲಿಟ್ಟು, ಈಗ ಜೇವರ್ಗಿಯಲ್ಲಿ ಓಡುತ್ತಿದೆ. ಆದರೆ ಪ್ರತಿ ಸೋಮವಾರ ಮಧ್ಯಾಹ್ನ ತಾವು ಇಜೇರಿ ಊರಿನ ಎತ್ತುಗಳೆಲ್ಲ ಕಾಯಿಲೆ ಬಿದ್ದಿವೆಯೆಂದು ಸಾರುತ್ತೀರಿ. ಸೋಮವಾರ ಬಸವಣ್ಣನ ವಾರ, ಅಂದು ಇಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅವು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತವೆ ಎಂಬುದು ತಮಗೆ ಹೇಗೆ ತಿಳಿಯಬೇಕು? ತಮ್ಮ ವಿದ್ಯಾಭ್ಯಾಸಕ್ಕೆ ನಮ್ಮ ಮಾಲೀಕ ಧರ್ಮರಾಜರು ತರಿಸಿದ್ದು ಪರದೇಶದ ದನಗಳ ಮಾಹಿತಿ. ಪಾಪ, ಆ ದನಗಳಿಗೆ ವಾರವೇ ಗೊತ್ತಿಲ್ಲ.

ನನ್ನ ತಂಡದ ಸೀಮಾ ಮತ್ತು ಖಮರ ಇದನ್ನು ಅರ್ಧ ದಿನದಲ್ಲಿ ಸರಿಪಡಿಸುತ್ತೇವೆಂದು ಕೇಳಿಕೊಂಡರು. ಸೋಮವಾರದ ಪದ್ಧತಿ ಚೆನ್ನಾಗಿ ಗೊತ್ತಿದ್ದ ಮಾಲೀಕರು, “ಮಷೀನಿಗಿ ವಾರ ಕಲಸಬ್ಯಾಡ್ರಿ, ತಾನೇ ಕಲೀತದ” ಎಂದು ಯಂತ್ರ ಮಹಾಶಯರಾದ ತಮ್ಮ ಮೇಲೆಯೇ ಭಾರ ಹಾಕಿದರು. ಕೊನೆಗೆ ಇಜೇರಿಯ ರೈತ ಶಿವರಾಯರು ತಮ್ಮ ಜೋಡಿ ಎತ್ತುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಮಿಲ್ಲಿನ ಬಾಗಿಲಿಗೇ ಬಂದು, “ಅಕ್ಕೋರೆ, ಇವಕ್ಕೇನ್ ಜಡ್ಡ್ ಬಂದದ ತೋರಸ್ರಿ. ಇಲ್ಲಂದ್ರ ಮೊದಲ ನಿಮ್ಮ ಮಷೀನಿಗಿ ದವಾಖಾನಿ ತೋರಸ್ರಿ” ಎಂದರು. ಮುಂದಿನ ಸೋಮವಾರವೂ ಹೀಗೇ ಆದರೆ ಇಡೀ ಇಜೇರಿ ಪಟ್ಟಿಗಳನ್ನು ಬಿಚ್ಚಿ ಕೊಡುತ್ತದೆಂದೂ ಹೇಳಿ ಹೋದರು. ಇಜೇರಿ ಕೈಬಿಟ್ಟರೆ ನಮ್ಮ ತಂಡವನ್ನೇ ಮುಚ್ಚುವುದಾಗಿ ಮಾಲೀಕರು ಹೇಳಿದರು. ಯಂತ್ರವನ್ನು ಮುಚ್ಚುವ ಮಾತು ಮಾತ್ರ ಬರಲಿಲ್ಲ. ಸೀಮಾ, ಖಮರ ಇಬ್ಬರೂ ಈ ಕೆಲಸ ನಂಬಿ ಇಲ್ಲಿ ಮನೆ ಮಾಡಿದವರು, ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆದ್ದರಿಂದಲೇ ಈ ಪತ್ರ ಬರೆಯಲು ಕೂತೆ. ತಾವೂ ಸೋಮವಾರ ಎಣ್ಣೆ ಹಚ್ಚಿಕೊಂಡು ಮಿಂದು, ಹೋಳಿಗೆ ಉಂಡು, ಮಗ್ಗಲು ಬದಲಿಸದೆ ಮಲಗಬೇಕೆಂದು ಕೋರುವವಳಿದ್ದೆ. ಅದು ಆಗದಿದ್ದರೆ ಒಂದು ಸಲ ಇಜೇರಿಗೆ ಬಂದು, ಎತ್ತುಗಳ ಪಕ್ಕ ಕೂತು, ಅವುಗಳ ಮುಖದಲ್ಲಿ ಕಾಯಿಲೆ ಕಾಣುತ್ತದೆಯೋ ಸುಖ ಕಾಣುತ್ತದೆಯೋ ನೋಡಿ ಹೋಗಿರೆಂದು ಬೇಡುವವಳಿದ್ದೆ.

ಅಷ್ಟರಲ್ಲಿ ಆ ಸೋಮವಾರ ಬಂದೇಬಿಟ್ಟಿತು. ತಾವು ಎಂದಿನಂತೆ ಊರಿನ ಎತ್ತುಗಳನ್ನೆಲ್ಲ ಹಾಸಿಗೆ ಹಿಡಿಸಿದಿರಿ. ಆದರೆ ಒಂದು ಜೋಡಿಗೆ ಮಾತ್ರ “ಪೂರ್ಣ ಆರೋಗ್ಯ, ಭರ್ಜರಿ ನಡಿಗೆ” ಎಂದಿರಿ. ಅದು ಸೋಮವಾರ ನೊಗ ಮುಟ್ಟಿದರೆ ಮಹಾಪಾಪವೆಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಉಪದೇಶ ಮಾಡುವ ಗುರುಪಾದರ ಜೋಡಿ! ಆ ಹಿರಿಯರು ಅಂದು ಹಳ್ಳದಾಚೆಯ ಹೊಲದಲ್ಲಿ ಯಾರಿಗೂ ಕಾಣದಂತೆ ಕುಂಟೆ ಹೊಡೆಸುತ್ತಿದ್ದುದು ಗುಂಪಿನಲ್ಲಿದ್ದವರಿಗೆಲ್ಲ ಗೊತ್ತಾಯಿತು. ಸಂಜೆ ಶಿವರಾಯರ ಫೋನು ಬಂದಾಗ ನಾನು ವಾಪಸ್ ಬರುವ ಪಟ್ಟಿಗಳ ಲೆಕ್ಕ ಬರೆದುಕೊಳ್ಳಲು ಪೆನ್ನು ಹಿಡಿದೇ ಎತ್ತಿದೆ. “ಪಟ್ಟಿ ವಾಪಸ್ ಕೊಡಂಗಿಲ್ರಿ ಅಕ್ಕೋರೆ. ಆ ಮಷೀನಿಗಿ ಕೈ ಹಚ್ಚಬ್ಯಾಡ್ರಿ, ಹಿಂಗೇ ಇರ್ಲಿ!” ಎಂದರು. ಈಗ ಅಂದೋಲಾ, ಮಟಕಿ ಊರುಗಳವರೂ ಪಟ್ಟಿ ಕೇಳುತ್ತಿದ್ದಾರೆ, ನನ್ನ ತಂಡ ಉಳಿದಿದೆ, ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಆದಕಾರಣ ಮೇಲಿನ ಕೋರಿಕೆಗಳನ್ನು ಹಿಂಪಡೆದು, ತಾವು ಈಗಿರುವಷ್ಟೇ ದಡ್ಡರಾಗಿ ನೂರು ಕಾಲ ಬಾಳಬೇಕೆಂದು ಪ್ರಾರ್ಥಿಸುತ್ತೇನೆ.

ಇನ್ನೂ ಕೆಲಸದಲ್ಲಿರುವ, ತಮ್ಮ ವಿಶ್ವಾಸಿ,
ಸುವರ್ಣಾ

ತಾ.ಕ.: ಹಿಗ್ಗಿದ ಮಾಲೀಕರು ಈಗ ಕಚೇರಿಯವರ ಕೊರಳಿಗೂ ಪಟ್ಟಿ ಕಟ್ಟಿಸುವ ಯೋಚನೆಯಲ್ಲಿದ್ದಾರೆ. ಮೊದಲ ಪಟ್ಟಿಯ ಗೌರವ ಅವರಿಗೇ ಸಲ್ಲಬೇಕೆಂದು ನಾವು ಒಮ್ಮತದಿಂದ ತೀರ್ಮಾನಿಸಿದ್ದೇವೆ. ವಾರದ ಏಳೂ ದಿನ ಕುರ್ಚಿಯಲ್ಲಿ ಅಲುಗಾಟವೇ ಕಾಣದಿದ್ದರೆ ತಾವು ಗಾಬರಿಯಾಗಿ ದನದ ಡಾಕ್ಟರಿಗೆ ಫೋನು ಮಾಡಬಾರದಾಗಿ ವಿನಂತಿ.