ಕುಂಕುಮವಿಟ್ಟ ಫ್ಲಾಪಿ

ಓದುಗರೇ, ಎಷ್ಟು ಹಂಚಿದರೂ ಕರಗದ ವಸ್ತುವೊಂದು ಪುಕ್ಕಟೆಯಾಗಿ ನಿಮ್ಮ ಕೈಸೇರಿದರೆ ಅದನ್ನು ಹಂಚುವಿರಾ, ಬಚ್ಚಿಡುವಿರಾ? ಅವಸರದಲ್ಲಿ ಉತ್ತರಿಸಬೇಡಿ, ಅವಸರದಲ್ಲಿ ಉತ್ತರಿಸಿ ಕೆಟ್ಟವನು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದೇ ವಿಷಯದ ಮೇಲೆ ಒಂದು ವರ್ಷ ಪರವಾಗಿ, ಮರುವರ್ಷ ವಿರೋಧವಾಗಿ ಮಾತನಾಡಿ ಎರಡು ಸಲವೂ ಸ್ಟೀಲ್ ಲೋಟ ಗೆದ್ದವನು. ಆ ಲೋಟಗಳಲ್ಲೇ ನಮ್ಮ ಮನೆಯವರು ಇಂದಿಗೂ ಕಾಫಿ ಕುಡಿಯುತ್ತಾರೆ. ನನ್ನ ವಾದಗಳಿಂದ ಲೋಕಕ್ಕೆ ಒದಗಿದ ಪ್ರಯೋಜನ ಸದ್ಯಕ್ಕೆ ಅಷ್ಟೇ.

ಸೇಲಂನ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕ. ಮರಗೆಣಸಿನ ಹೋಳುಗಳನ್ನು ಬೀದಿಯ ಧೂಳಿನಲ್ಲಿ ಹರಡದೆ, ಗಾಜಿನ ಮುಚ್ಚಳದ ಮರದ ಪೆಟ್ಟಿಗೆಯಲ್ಲಿ ಬಿಸಿಲಿಗೆ ಒಣಗಿಸಬಹುದೆಂಬುದು ನನ್ನ ಸುಧಾರಣೆಗಳಲ್ಲಿ ಒಂದು. ಮುಚ್ಚಳ ಎಷ್ಟು ಓರೆಯಾಗಿದ್ದರೆ ಬೇಗ ಒಣಗುತ್ತದೆ ಎಂಬುದನ್ನು ಕಂಡುಹಿಡಿಯಬೇಕಿತ್ತು. ಅದಕ್ಕಾಗಿ ಮೂರು ಬೇಸಿಗೆ ತಾರಸಿಯ ಮೇಲೆ ಗಂಟೆಗೊಮ್ಮೆ ತಟ್ಟೆ ತೂಗಿ ಅಂಕಿ ಬರೆದವಳು ನನ್ನ ಅವ್ವ. ನಾನು ಕಾಲೇಜಿನಲ್ಲಿ ನೆರಳಲ್ಲಿ ನಿಂತು ಸೂರ್ಯಶಕ್ತಿಯ ಮಹತ್ವವನ್ನು ಬೋಧಿಸುತ್ತಿದ್ದಾಗ, ಅವಳು ಸೆರಗನ್ನು ತಲೆಗೆ ಹೊದ್ದು ಸೂರ್ಯನೊಂದಿಗೆ ನೇರವಾಗಿ ವ್ಯವಹರಿಸುತ್ತಿದ್ದಳು.

ಮೂರನೆಯ ನೋಟ್‌ಬುಕ್ಕು ತುಂಬಿದ ದಿನ ಅವಳು ಕೇಳಿದಳು: "ಇಷ್ಟೊಂದು ಬರ್ದಿವ್ನಿ, ಕಡೇಗೆ ಏನ್ಲಾ ತಿಳೀತೈತೆ ಇದ್ರಿಂದ?"

"ಎಲ್ಲಾ ಸೇರಿಸಿ ಒಂದು ಗೆರೆ ಎಳೆದು ತೋರಿಸ್ತೀನಿ, ಅವ್ವಾ."

"ಎಳಿ ಮತ್ತೆ. ಕಣ್ಣಾಗ್ ಪೊರೆ ಬತ್ತಾ ಐತೆ. ಅದು ಬಲಿಯೋದ್ರೊಳ್ಗೆ ಎಳಿ. ಆಮೇಕೆ ನೀನ್ ಗೆರೆ ಎಳುದ್ರೂ ಒಂದೇ, ಅಗ್ಗ ಎಳುದ್ರೂ ಒಂದೇ."

ಲಾಗರಿದಂ ಪುಸ್ತಕ ಹಿಡಿದು ಕೂತೆ. ಒಂದು ಬೇಸಿಗೆಯ ಲೆಕ್ಕಕ್ಕೆ ಒಂದು ಮಳೆಗಾಲ ಕಳೆಯಿತು. ಕೊನೆಯಲ್ಲಿ ಬಿಸಿಲು ಹೆಚ್ಚಾದಷ್ಟೂ ಗೆಣಸು ಒದ್ದೆಯಾಗುತ್ತದೆ ಎಂಬ ಫಲಿತಾಂಶ ಬಂತು. ಆಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿದ್ದ ನನ್ನ ಗೆಳೆಯ ಅಂಚೆಯಲ್ಲಿ ಒಂದು ಫ್ಲಾಪಿ ಕಳಿಸಿದ. ಅದರೊಳಗೆ ವಿಜ್ಞಾನಿಗಳೂ ಎಂಜಿನಿಯರುಗಳೂ ಬಳಸುವ ಸ್ಪ್ರೆಡ್‌ಶೀಟ್ ಇತ್ತು. ಚದುರಂಗದ ಮನೆಗಳಂತಿರುವ ಚೌಕಗಳಲ್ಲಿ ಅಂಕಿ ತುಂಬಿ, ಒಂದು ಮೂಲೆಯಲ್ಲಿ ಸೂತ್ರ ಬರೆದರೆ ಸಾಕು, ಗೆರೆ ತಾನಾಗಿ ಮೂಡುತ್ತದೆ. ಅದಕ್ಕೆ ಬೆಲೆಯಿಲ್ಲ. ಬರೆದವರ ಕೋರಿಕೆ ಒಂದೇ: ಪ್ರತಿ ಮಾಡಿ ಇತರರಿಗೆ ಕೊಡಿ. 'ಕೊಟ್ಟೇ ಕೊಡುತ್ತೇನೆ' ಎಂದು ಗೆಳೆಯನಿಗೆ ನಾಲ್ಕು ಪುಟದ ಕಾಗದ ಬರೆದೆ.

ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಹೊರಗಿನ ಫ್ಲಾಪಿಯಿಂದ ಯಂತ್ರದೊಳಕ್ಕೆ ಏನನ್ನೂ ಇಳಿಸಬಾರದು. ವೈರಸ್ ಬರುತ್ತದೆಂದು ವಿಭಾಗದ ಮುಖ್ಯಸ್ಥರ ಭಯ. ಆದ್ದರಿಂದ ಒಂದು ಶನಿವಾರ ಅರ್ಧ ಗಂಟೆ, ಅವರ ಕಣ್ಗಾವಲಿನಲ್ಲಿ, ಫ್ಲಾಪಿಯಿಂದಲೇ ಅದನ್ನು ಓಡಿಸಿದೆ. ಮೊದಲ ಹತ್ತು ದಿನಗಳ ಅಂಕಿ ತುಂಬಿದೆ. ಕಪ್ಪು ಪರದೆಯ ಮೇಲೆ ಹಸಿರು ಗೆರೆಯೊಂದು ಎದ್ದು, ಮೆಟ್ಟೂರಿನ ಗುಡ್ಡದಂತೆ ಏರಿ, ಇನ್ನೇನು ಬಾಗಬೇಕು ಎನ್ನುವಾಗ ಮುಖ್ಯಸ್ಥರು ಬೀಗದ ಕೈ ಅಲ್ಲಾಡಿಸಿ ಯಂತ್ರ ಆರಿಸಿದರು. ಆ ಅರ್ಧ ಗೆರೆ ಇಂದಿಗೂ ನನ್ನ ಕಣ್ಣಲ್ಲೇ ನಿಂತಿದೆ.

ಅದೇ ವಾರ ಅಧ್ಯಾಪಕರ ಸಭೆಯಲ್ಲಿ 'ಜ್ಞಾನಕ್ಕೆ ಬೀಗ ಸಲ್ಲದು' ಎಂದು ಮುಕ್ಕಾಲು ಗಂಟೆ ಮಾತನಾಡಿದೆ. ಭಾಷಣ ಮುಗಿದೊಡನೆ ರಸಾಯನಶಾಸ್ತ್ರದ ಮುರುಗೇಶನ್ ತಮಗೊಂದು ಪ್ರತಿ ಕೇಳಲು ಖಾಲಿ ಫ್ಲಾಪಿ ಹಿಡಿದು ಬಂದರು. "ಸಾರ್, ಎನಕ್ಕು ಒರು ಕಾಪಿ?" ಊರಿಗೆಲ್ಲ ಒಂದೇ ಇದ್ದ ವಸ್ತು ಎರಡಾಗುವುದೆಂದರೆ! "ಮೊದಲು ಇದರ ತತ್ತ್ವವನ್ನು ವಿವರಿಸಬೇಕು, ನಾಳೆ ನೋಡೋಣ" ಎಂದೆ. ನಾಳೆ ನಾಲ್ಕು ಸಲ ಬಂತು. ಐದನೆಯ ಸಲ ಅವರೇ ಬರಲಿಲ್ಲ.

ಮನೆಯಲ್ಲಿ ಅವ್ವನಿಗೆ ಮಾತ್ರ ತತ್ತ್ವವನ್ನು ಪೂರ್ತಿ ವಿವರಿಸಿದೆ. ಫ್ಲಾಪಿಯ ತಗಡಿನ ಬಾಗಿಲನ್ನು ಸರಿಸಿ, ಒಳಗಿನ ಕಪ್ಪು ತಟ್ಟೆಯನ್ನು ತೋರಿಸಿ, "ಮೇಲಿನದು ಬರೀ ಹೊದಿಕೆ, ವಿದ್ಯೆ ಇರೋದು ಇಲ್ಲಿ" ಎಂದೆ. ಅಷ್ಟರಲ್ಲಿ ಸರಸ್ವತಿ ಪೂಜೆ ಬಂತು. ಪುಸ್ತಕಗಳ ಜೊತೆ ಫ್ಲಾಪಿಯೂ ದೇವರ ಮುಂದೆ ಕೂತಿತು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟಬಾರದು. ಸುಧಾರಕನಾದರೂ ಅವ್ವನ ಮುಂದೆ ನಾನೂ ಮುಟ್ಟಲಿಲ್ಲ.

ರಜೆ ಕಳೆದ ಮೇಲೆ ಫ್ಲಾಪಿಯನ್ನು ಯಂತ್ರದೊಳಗೆ ತಳ್ಳಿದೆ. ಅದು ಬೀಡಿ ಸೇದುವ ಮುದುಕರಂತೆ ಕೆಮ್ಮಿ ಸುಮ್ಮನಾಯಿತು. ಹೊರತೆಗೆದು ಬಾಗಿಲು ಸರಿಸಿದೆ: ಕಪ್ಪು ತಟ್ಟೆಯ ಮೇಲೆ ಒಣಗಿದ ಗಂಧ, ಗಂಧದ ಮೇಲೆ ದುಂಡನೆಯ ಕುಂಕುಮ. ಮುಖ್ಯಸ್ಥರು ಇಣುಕಿದರು. "ಎನ್ನ ಸಾರ್, ಅಭಿಷೇಕಮೂ ಪಣ್ಣಿಟ್ಟೀಂಗಳಾ?" ಅಭಿಷೇಕವನ್ನೂ ಮಾಡಿಬಿಟ್ಟಿರಾ ಎಂದು.

ಮನೆಗೆ ಬಂದು, "ಇದೇನವ್ವಾ?" ಎಂದೆ.

"ನೀನೇ ಅಲ್ವೇನ್ಲಾ ಏಳಿದ್ದು, ವಿದ್ಯೆ ಒಳ್ಗಡೆ ಐತೆ ಅಂತ? ಮೇಲ್ಗಡೆ ಬಟ್ಟೆಗೆ ಬೊಟ್ಟಿಕ್ಕಿ, ಒಳ್ಗಿರೋ ತಾಯಿಗ್ ಇಕ್ದೇ ಓದ್ರೆ ಆಯ್ತದಾ?" ಆಮೇಲೆ ನನ್ನ ಮುಖ ನೋಡಿ ಸಣ್ಣ ದನಿಯಲ್ಲಿ ಕೇಳಿದಳು: "ಕೆಟ್ಟೋಯ್ತಾ? ಇನ್ನೊಂದು ಇಲ್ವಾ?"

ಇನ್ನೊಂದು ಇರಲಿಲ್ಲ. ಗೆಳೆಯನಿಗೆ ಬರೆದೆ. ಅವನು ಆ ಪ್ರಯೋಗಾಲಯವನ್ನೇ ಬಿಟ್ಟಿದ್ದ. ಉತ್ತರ ಒಂದು ಕಾರ್ಡಿನಲ್ಲಿ ಬಂತು: 'ನನ್ನ ಹತ್ತಿರ ಈಗ ಇಲ್ಲ. ಆದರೇನು, ನೀನು ಅಷ್ಟೊಂದು ಜನಕ್ಕೆ ಹಂಚಿದ್ದೀಯಲ್ಲ, ಅವರಲ್ಲಿ ಒಬ್ಬರಿಂದ ತೆಗೆದುಕೋ.' ಇದಕ್ಕೆ ಪ್ರತಿವಾದ ಹೂಡಲು ನನ್ನ ಸ್ಟೀಲ್ ಲೋಟಗಳಲ್ಲಿ ಒಂದೂ ನೆರವಾಗಲಿಲ್ಲ. ಮುರುಗೇಶನ್ ಅವರ ಖಾಲಿ ಫ್ಲಾಪಿ ಈಗಲೂ ಖಾಲಿಯಾಗಿಯೇ ಇದೆಯಂತೆ.

ಅವ್ವ ಈಗ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ತಾನೇ ಬರೆದ ಅಂಕಿಗಳನ್ನು ಬೆರಳಿನಿಂದ ಸವರುತ್ತಾಳೆ. "ಗೆರೆ ಎಂಗಿತ್ಲಾ?" ಎನ್ನುತ್ತಾಳೆ. ಗಾಳಿಯಲ್ಲಿ ಕೈಯಿಂದ ಏರಿಸಿ ತೋರಿಸುತ್ತೇನೆ. "ಆಮೇಕೆ?" ಎನ್ನುತ್ತಾಳೆ. ನನ್ನ ಕೈ ಅಲ್ಲೇ ನಿಲ್ಲುತ್ತದೆ.

ಓದುಗರೇ, ನಿಮ್ಮಲ್ಲಿ ಯಾರ ಹತ್ತಿರವಾದರೂ ಆ ಸ್ಪ್ರೆಡ್‌ಶೀಟ್ ಇದ್ದರೆ ದಯವಿಟ್ಟು ಎರಡು ಪ್ರತಿ ಮಾಡಿ ಕಳಿಸಿ. ಮೊದಲನೆಯದನ್ನು ಮುರುಗೇಶನ್ ಅವರಿಗೆ ಕೊಡುತ್ತೇನೆ. ನಾಳೆ ಎನ್ನದೆ ಇವತ್ತೇ ಅಂಚೆಗೆ ಹಾಕಿ.