ತಾಯವ್ವನ ಇನ್ನೂರು ಮೀಟರೂ ಅಧೀಕ್ಷಕರ ಚಾವಿಯಿಲ್ಲದ ವಾಚೂ

ಕಚೇರಿ ಸುತ್ತೋಲೆ
ಸಂಖ್ಯೆ: ಸಿಬ್ಬಂದಿ/ಕೈಗಡಿಯಾರ/೦೧/೨೦೨೪-೨೫
ನವನಗರ, ಬಾಗಲಕೋಟೆ

ವಿಷಯ: ಕಚೇರಿ ಕ್ರೀಡಾಕೂಟದಲ್ಲಿ ಕಣ್ತಪ್ಪಿನಿಂದ ಆದ ವಿಶ್ವದಾಖಲೆಯನ್ನು ಹಿಂಪಡೆಯುವ ಕುರಿತು.

ಉಲ್ಲೇಖ: ೧. “ಓಡಿದವರು ಮನುಷ್ಯರೇ ಎಂಬುದನ್ನು ಖಚಿತಪಡಿಸಿ” ಎಂಬ ಕೇಂದ್ರ ಕಚೇರಿಯ ಪತ್ರ.
೨. ಶ್ರೀಮತಿ ತಾಯವ್ವ ಅವರ ಮೌಖಿಕ ತಕರಾರು.
೩. ಅಧೀಕ್ಷಕರ ಮನೆಯಲ್ಲಿ ಊಟದ ಹೊತ್ತಿಗೆ ನಡೆದ ಸಭೆ (ನಡಾವಳಿ ಬರೆದಿಟ್ಟಿಲ್ಲ).

ಪ್ರಸ್ತಾವನೆ:

ಈ ಕಚೇರಿಯ ಅಧೀಕ್ಷಕ ಶ್ರೀ ರಾಚಪ್ಪ ಇವರು ಹದಿನೆಂಟು ವರ್ಷಗಳಿಂದ ಕ್ರೋನೋಗ್ರಾಫ್ ಕೈಗಡಿಯಾರಗಳನ್ನು, ಅಂದರೆ ಬ್ಯಾಟರಿಯಿಲ್ಲದೆ ಚಾವಿಯಿಂದ ನಡೆಯುವ, ಗುಂಡಿ ಒತ್ತಿದರೆ ಸೆಕೆಂಡುಗಳನ್ನು ಬೇರೆಯಾಗಿ ಅಳೆದು ತೋರಿಸುವ ಹಳೆಯ ವಾಚುಗಳನ್ನು ಸಂಗ್ರಹಿಸುತ್ತಿದ್ದಾರೆ. ಸದ್ಯ ಐದು ಇವೆ. ಐದೂ ಬೇರೆ ಬೇರೆ ವೇಳೆ ತೋರಿಸುತ್ತವೆ. ಈ ಸುತ್ತೋಲೆಗೆ ಸಹಿ ಮಾಡುವವರೂ ಅವರೇ. ‘ನಾನು’ ಎಂದು ಬರೆಯುವ ಪದ್ಧತಿ ಕಚೇರಿಯಲ್ಲಿ ಇಲ್ಲದಿರುವುದರಿಂದ ‘ಸದರಿಯವರು’ ಎಂದು ಬರೆಯಲಾಗಿದೆ.

ವಾಚಿನ ಮನುಷ್ಯರೆಂಬ ಖ್ಯಾತಿಯ ಮೇರೆಗೆ ಸದರಿಯವರನ್ನು ಕ್ರೀಡಾಕೂಟದ ಸಮಯಪಾಲಕರನ್ನಾಗಿ ನೇಮಿಸಲಾಯಿತು. ಅವರು ಐದರಲ್ಲಿಯೂ ಅಪರೂಪದ, ನೀಲಿ ಮುಳ್ಳಿನ ವಾಚನ್ನು ಕಟ್ಟಿಕೊಂಡು, ಅದು ಎಲ್ಲರಿಗೂ ಕಾಣಲೆಂದು ಅಂಗಿಯ ಎಡತೋಳನ್ನಷ್ಟೇ ಮಡಚಿಕೊಂಡು ಬಂದರು. ನಲವತ್ತು ದಾಟಿದ ಮಹಿಳೆಯರ ಇನ್ನೂರು ಮೀಟರ್ ಓಟದಲ್ಲಿ ಕಚೇರಿಯ ಸ್ವಚ್ಛತಾ ಸಿಬ್ಬಂದಿ, ತುಳಸಿಗೇರಿಯ ತಾಯವ್ವ ಅವರು ಸೀರೆಯ ಕಚ್ಚೆ ಕಟ್ಟಿ ಓಡಿ, ಎಲ್ಲರಿಗಿಂತ ಮೊದಲು ಗೆರೆ ದಾಟಿದರು. ಸದರಿಯವರು ಗುಂಡಿ ಒತ್ತಿ ನೋಡಿದಾಗ ನೀಲಿ ಮುಳ್ಳು ಹನ್ನೊಂದನೆಯ ಸೆಕೆಂಡಿನ ಗೆರೆಯ ಮೇಲಿತ್ತು. ಹನ್ನೊಂದು ಸೆಕೆಂಡು ಎಂದು ಬರೆದು, ಮುದ್ರೆ ಒತ್ತಿ, ಕೇಂದ್ರ ಕಚೇರಿಗೆ ಕಳಿಸಲಾಯಿತು. ಈ ಓಟದ ವಿಶ್ವದಾಖಲೆಯೇ ಇಪ್ಪತ್ತೊಂದು ಸೆಕೆಂಡಿನ ಮೇಲಿರುವುದರಿಂದ, ‘ವಿಶ್ವದಾಖಲೆ’ ಎಂಬ ಅಭಿನಂದನಾ ಫಲಕವನ್ನೂ ಕಚೇರಿಯಲ್ಲಿ ತೂಗುಹಾಕಲಾಯಿತು.

ಅಲ್ಲಿಂದ ಉಲ್ಲೇಖ ೧ರ ಪತ್ರ ಬಂತು. ಮೊದಲು ಬಂದವರಿಗೆ ಸಿಗುವ ರಾಜ್ಯ ಕ್ರೀಡಾಕೂಟದ ಆಯ್ಕೆಯನ್ನು ತಾಯವ್ವ ಅವರಿಗೆ ಕೊಡದೆ ತಡೆಹಿಡಿಯಲಾಯಿತು. ಆಗ ಸದರಿಯವರು ತಮ್ಮ ಮಣಿಕಟ್ಟನ್ನು ನೋಡಿಕೊಳ್ಳುವ ಬದಲು, ಮೋಸವೇನಾದರೂ ನಡೆದಿದ್ದಲ್ಲಿ ವಿವರಣೆ ನೀಡುವಂತೆ ತಾಯವ್ವ ಅವರಿಗೇ ನೋಟಿಸು ಜಾರಿ ಮಾಡಿದರು. ಅವರು ಕೈಯಲ್ಲಿ ಕಸಬರಿಗೆ ಹಿಡಿದೇ ಸದರಿಯವರ ಕೋಣೆಗೆ ಬಂದರು.

“ನಾ ಓಡಿದ್ದು ಖರೆ ಐತ್ರಿ ಸಾಹೇಬ್ರ. ನನ್ನ ಮುಂದ ಯಾರೂ ಇರಲಿಲ್ಲ. ಮತ್ತ ನನಗ್ಯಾಕ ಕಳ್ಳಿಗತೆ ಕಾಗದ ಕೊಟ್ರಿ?”

ಸದರಿಯವರು ಮರುದಿನವೇ ರಜೆ ಹಾಕಿ, ಇಳಕಲ್ಲಿನ ವಾಚು ರಿಪೇರಿಯ ಮಲೀಕಸಾಬ ಅವರ ಬಳಿಗೆ ಹೋದರು. ಮಲೀಕಸಾಬ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂಬದಿ ಬಿಚ್ಚಿ, ಬಹಳ ಹೊತ್ತು ನೋಡಿದರು.

“ವಾಚ್ ಭಾಳ ಚೊಲೋ ಐತ್ರಿ, ಏನೂ ಆಗಿಲ್ಲ. ನೀವು ಚಾವಿನ ಪೂರಾ ಕೊಟ್ಟಿಲ್ಲ.”

ಚಾವಿ ಕೊಟ್ಟರೆ ಸವೆದೀತೆಂಬ ಪ್ರೀತಿಯಿಂದ ಸದರಿಯವರು ಆ ವಾಚಿಗೆ ದಿನಕ್ಕೆ ಮೂರೇ ಸುತ್ತು ಕೊಡುತ್ತಿದ್ದುದು ಇದರಿಂದ ಬೆಳಕಿಗೆ ಬಂದಿದೆ. ತಾಯವ್ವ ಅವರು ಓಡುತ್ತಲೇ ಇದ್ದರು. ವಾಚು ಹನ್ನೊಂದನೆಯ ಸೆಕೆಂಡಿಗೆ ನಿಂತಿತ್ತು.

ಸತ್ಯ ತಿಳಿದ ಮೇಲೂ ಸದರಿಯವರು ನಾಲ್ಕು ದಿನ ಬಾಯಿ ಬಿಡಲಿಲ್ಲ. ಹಿನ್ನೀರಿನ ಕಡೆಯ ಗಾಳಿ ಓಟಗಾರರನ್ನು ನೂಕಿರಬಹುದೆಂಬ ಕರಡು ಪತ್ರವನ್ನೂ ಸಿದ್ಧಪಡಿಸಿದ್ದರು. ಅದನ್ನು ಊಟದ ಹೊತ್ತಿಗೆ ಓದಿ ಹೇಳಲಾಗಿ, ಅವರ ಪತ್ನಿ ಶ್ರೀಮತಿ ಬನಶಂಕರಿ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

“ಆ ವಾಚಿಗೆ ಚಾವಿ ಕೊಡಾಕ ಕೈ ಬರಲಿಲ್ಲ. ಆ ಹೆಣ್ಮಗಳಿಗೆ ನೋಟಿಸ್ ಕೊಡಾಕ ಹೆಂಗ ಕೈ ಬಂತ್ರಿ?”

ಅಂದಿನ ಊಟ ಅರ್ಧಕ್ಕೇ ಮುಗಿಯಿತು. ಮರುದಿನ ಬೆಳಿಗ್ಗೆ ಸದರಿಯವರು ಎಲ್ಲ ಸಿಬ್ಬಂದಿಯ ಎದುರು ತಪ್ಪೊಪ್ಪಿಕೊಂಡು, ಬೇಕಾದರೆ ಓಟವನ್ನು ಮತ್ತೊಮ್ಮೆ ನಡೆಸಬಹುದೆಂದರು. ತಾಯವ್ವ ಅವರು ಸೆರಗು ಸಿಕ್ಕಿಸಿಕೊಂಡರು.

“ನಾ ಯಾಕ ಮತ್ತ ಓಡ್ಲಿ? ತಪ್ಪು ಯಾರದೈತಿ, ಅವ್ರ ಓಡ್ಲಿ.”

ಸದರಿ ಅಭಿಪ್ರಾಯಕ್ಕೆ ಸಿಬ್ಬಂದಿಯ ಅನುಮೋದನೆ ಒಕ್ಕೊರಲಿನಿಂದ ದೊರೆಯಿತು. ಶನಿವಾರ ಐವತ್ತೇಳು ವರ್ಷದ ಅಧೀಕ್ಷಕರು ಚಪ್ಪಲಿ ಬಿಟ್ಟು ಇನ್ನೂರು ಮೀಟರ್ ಓಡಿದರು. ಪೂರಾ ಚಾವಿ ಕೊಟ್ಟ ವಾಚನ್ನು ತಾಯವ್ವ ಅವರು ಹಿಡಿದಿದ್ದರು. ಒಂದು ನಿಮಿಷ ಇಪ್ಪತ್ತಾರು ಸೆಕೆಂಡು. ನಡುವೆ ಸೊಂಟ ಹಿಡಿದು ನಿಂತ ಅವಧಿಯೂ ಇದರಲ್ಲಿ ಸೇರಿದೆ. ಆಗ ತಾಯವ್ವ ಅವರು “ಈಗ ಖರೆ ಹೇಳಾಕತ್ತೈತಿ ನೋಡ್ರಿ ನಿಮ್ಮ ವಾಚು” ಎಂದು ಅದನ್ನು ಹಿಂತಿರುಗಿಸಿದರು. ಸದರಿಯವರಿಗೆ ನಗು ಬಂತು. ಉಸಿರು ಸಿಗದ್ದರಿಂದ ನಗಲಾಗಲಿಲ್ಲ.

ಆದ್ದರಿಂದ ಎಲ್ಲರ ಗಮನಕ್ಕೆ ಹೀಗೆ ತರಲಾಗಿದೆ:

೧. ತಾಯವ್ವ ಅವರ ಮೊದಲ ಸ್ಥಾನಕ್ಕೆ ಗೆರೆಯ ಬಳಿ ನಿಂತಿದ್ದ ನಾಲ್ವರ ಸಾಕ್ಷ್ಯವಿದ್ದು, ಅದನ್ನು ಕೇಂದ್ರ ಕಚೇರಿ ಒಪ್ಪಿ, ರಾಜ್ಯ ಕೂಟದ ಆಯ್ಕೆಯ ತಡೆಯನ್ನು ತೆರವುಗೊಳಿಸಿದೆ. ನೋಟಿಸನ್ನು ಹಿಂಪಡೆಯಲಾಗಿದೆ. ವಿವರಣೆ ಕೊಡಬೇಕಾಗಿದ್ದವರು ಕೊಟ್ಟಿದ್ದಾರೆ.

೨. ಅಭಿನಂದನಾ ಫಲಕದಲ್ಲಿನ ‘ವಿಶ್ವ’ ಎಂಬ ಪದದ ಮೇಲೆ ಮಾತ್ರ ಕಾಗದ ಹಚ್ಚತಕ್ಕದ್ದು.

೩. ಸದರಿಯವರು ಪ್ರತಿದಿನ ಹಾಜರಿ ಹಾಕುವ ಮೊದಲು, ಅಟೆಂಡರ್ ದುರ್ಗಪ್ಪ ಅವರ ಸಮಕ್ಷಮದಲ್ಲಿ ವಾಚಿಗೆ ಪೂರ್ತಿ ಚಾವಿ ಕೊಡತಕ್ಕದ್ದು. ಸುತ್ತುಗಳನ್ನು ದುರ್ಗಪ್ಪ ಅವರು ಗಟ್ಟಿಯಾಗಿ ಎಣಿಸತಕ್ಕದ್ದು.

೪. ಯಾರಾದರೂ “ಎಷ್ಟಾತ್ರಿ?” ಎಂದು ಕೇಳಿದಲ್ಲಿ ವೇಳೆಯನ್ನಷ್ಟೇ ಹೇಳತಕ್ಕದ್ದು. ವಾಚಿನೊಳಗಿನ ಚಕ್ರಗಳ ವರ್ಣನೆ ಕೇಳುತ್ತ ಯಾರದಾದರೂ ಬಸ್ಸು ತಪ್ಪಿದಲ್ಲಿ, ಅವರನ್ನು ಕುಳಗೇರಿ ಕ್ರಾಸಿನವರೆಗೆ ಬಿಟ್ಟುಬರುವುದು ಸದರಿಯವರ ಹೊಣೆ.

೫. ಸದರಿಯವರು ಕಡತ ವಿಲೇವಾರಿಗೆ ತೆಗೆದುಕೊಳ್ಳುವ ಸಮಯವನ್ನು ಕ್ರೋನೋಗ್ರಾಫಿನಿಂದ ಅಳೆಯತಕ್ಕದ್ದಲ್ಲ. ಅದಕ್ಕೆ ಗೋಡೆಯ ಕ್ಯಾಲೆಂಡರನ್ನು ಬಳಸತಕ್ಕದ್ದು.

೬. ಒಂದೇ ತೋಳು ಮಡಚುವುದನ್ನು ನಿಷೇಧಿಸಲಾಗಿದೆ. ಮಡಚಿದರೆ ಎರಡನ್ನೂ ಮಡಚತಕ್ಕದ್ದು.

ಸಹಿ/-
(ರಾಚಪ್ಪ)
ಅಧೀಕ್ಷಕರು
(ಕಾಲುನೋವಿನ ನಿಮಿತ್ತ ಕುಳಿತೇ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಕೇಂದ್ರ ಕಚೇರಿಗೆ: ಓಡಿದವರಿಬ್ಬರೂ ಮನುಷ್ಯರೇ ಎಂಬ ದೃಢೀಕರಣದೊಂದಿಗೆ.
೨. ಶ್ರೀ ಮಲೀಕಸಾಬ, ಇಳಕಲ್ಲ: ಮಾಹಿತಿಗಾಗಿ.
೩. ಶ್ರೀಮತಿ ಬನಶಂಕರಿ: ಮುಂದಿನ ಕ್ರಮಕ್ಕಾಗಿ. ಕ್ರಮ ಈಗಾಗಲೇ ಆರಂಭವಾಗಿದೆ.
೪. ಶ್ರೀಮತಿ ತಾಯವ್ವ: ಇವರು ದಿನಾ ಬೆಳಿಗ್ಗೆ ರಾಜ್ಯ ಕೂಟದ ಅಭ್ಯಾಸದಲ್ಲಿರುವುದರಿಂದ ಪ್ರತಿಯನ್ನು ಸದರಿಯವರೇ ಮೈದಾನಕ್ಕೆ ಒಯ್ದು, ಓಟ ಮುಗಿಯುವವರೆಗೆ ಕಾದು ಕೊಡತಕ್ಕದ್ದು. ಓಡುವಾಗ ಯಾವ ಕಾರಣಕ್ಕೂ ತಡೆಯತಕ್ಕದ್ದಲ್ಲ.